ಓನರ್ ಆಂಟಿ ಓದಿದ ಕಾಗದ

ಈ ಮಳೆಗಾಲದಲ್ಲಿ ಮೂರು ಕಾದಂಬರಿ ಓದಿದೆ. ಮೂರನ್ನೂ ಆಫೀಸಿಗೆ ಹೋಗಿಬರುವ ಬಸ್ಸಿನಲ್ಲೇ ಮುಗಿಸಿದ್ದು. ಈಗ ಕೇಳಿದರೆ ಒಂದರ ಕತೆಯೂ ನೆಟ್ಟಗೆ ನೆನಪಿಲ್ಲ. ಇನ್ನೊಂದಕ್ಕಾಗಿ ಶೆಲ್ಫ್ ತಡಕುವಾಗ ಹಳೆಯ ಡಿಕ್ಷನರಿಯಿಂದ ಕಾಪಿ ಪುಸ್ತಕದ ಹಾಳೆಯೊಂದು ಜಾರಿ ಬಿತ್ತು. ಅಕ್ಕ, ಅಮ್ಮ, ಹಗ್ಗ... ಗೆರೆ ಮೀರಿದ ದಪ್ಪ ಅಕ್ಷರ. ವಸಂತಪುರದ ಓನರ್ ಆಂಟಿ ಬರೆದದ್ದು.

ಮದುವೆಯಾದ ಹೊಸತರಲ್ಲಿ ಅವರ ಮಹಡಿ ಮನೆಯಲ್ಲಿ ಬಾಡಿಗೆಗಿದ್ದೆವು. ಹಿಂದೆ ಅಲ್ಲೇ ರಾಗಿ ಬೆಳೆಯುತ್ತಿದ್ದ ಕುಟುಂಬ ಅವರದು. ಆಂಟಿಯ ಗಂಡ ತೀರಿಕೊಂಡು ವರ್ಷ ತುಂಬಿರಲಿಲ್ಲ, ಮಗಳು ತುಮಕೂರಿನಲ್ಲಿದ್ದಳು. ಒಂದು ಮಧ್ಯಾಹ್ನ ಮೇಲೆ ಬಂದು, ಓದೋದು ಕಲಿಸಿಕೊಡ್ತೀಯಾ ಅಂತ ಕೇಳಿದರು. ಮೈದುನ ಆಗಾಗ ಕಾಗದ ತಂದು ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗುತ್ತಿದ್ದನಂತೆ. ನನಗೆ ತೋರಿಸಿ, ಓದಿ ಹೇಳ್ತೀನಿ ಅಂದೆ. ಕೈಗೇ ಕೊಡಲ್ಲ ಕಣಮ್ಮ ಅಂದರು. ಯಾರಿಗೂ ಹೇಳಬೇಡ ಅಂತಲೂ ಅಂದರು.

ಐದು ತಿಂಗಳು ದಿನಾ ಮಧ್ಯಾಹ್ನ ಕೂತೆವು. ಅಕ್ಷರ ಬಂತು, ಕಾಗುಣಿತ ಬಂತು. ಒತ್ತಕ್ಷರ ಮಾತ್ರ ತೊಡಕಾಗುತ್ತಿತ್ತು.

ಒಂದು ಭಾನುವಾರ ಪಾತ್ರೆ ವಾಪಸ್ ಕೊಡಲು ಕೆಳಗೆ ಹೋದಾಗ ಮೈದುನ ಬಂದ. ಜೊತೆಗೆ ಬ್ಯಾಗು ಹಿಡಿದ ಇನ್ನೊಬ್ಬ. ಮೈದುನ ಟೀಪಾಯಿಯ ಮೇಲೆ ಕಾಗದ ಇಟ್ಟು ಇಂಕ್ ಪ್ಯಾಡ್ ಮುಚ್ಚಳ ತೆಗೆದ. ಮನೆ ತೆರಿಗೆಯದು ಅಂದ. ಆಂಟಿ ಹೆಬ್ಬೆರಳು ಚಾಚಲಿಲ್ಲ. ಕಾಗದ ಎತ್ತಿಕೊಂಡು ಬಾಗಿಲ ಬೆಳಕಿಗೆ ಹೋಗಿ ನಿಂತರು.

ಮೊದಲು ಅವನು ನಕ್ಕ. ಆಂಟಿ ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದಾಗ ನಗು ನಿಂತಿತು. ಅವನ ಕಣ್ಣು ನನ್ನ ಕಡೆ ತಿರುಗಿತು. ನಾನು ಪಾತ್ರೆ ಹಿಡಿದು ಹಾಗೇ ನಿಂತಿದ್ದೆ. ಮೂರನೇ ಸಾಲಿನಲ್ಲಿ ಅವರು ಸಿಕ್ಕಿಕೊಂಡರು. ಹ... ಹಕು... ಹೇಳಿಕೊಡಲು ನಾಲಿಗೆ ತುದಿಗೆ ಬಂತು. ಬಾಯಿ ಬಿಟ್ಟರೆ ನಾಳೆಯೇ ಮನೆ ಖಾಲಿ ಅಂತ ಹೆದರಿಕೆ. ಅವನು ಕಾಗದಕ್ಕೆ ಕೈ ಚಾಚಿದ. ಆಂಟಿ ಬೆನ್ನು ತಿರುಗಿಸಿದರು.

“ಹಕ್ಕು. ಹಕ್ಕು ಬಿಡುಗಡೆ ಪತ್ರ,” ಅಂದರು. ಆಮೇಲೆ ಮೆಲ್ಲಗೆ, “ಇದು ತೆರಿಗೆದಲ್ಲ.”

ಬ್ಯಾಗಿನವನು ನೆಲ ನೋಡಿದ. ಯಾರು ಕಲಿಸಿದ್ದು ಅಂತ ಮೈದುನ ಕೇಳಿದ.

“ಕಣ್ಣಿತ್ತು, ಕಲ್ತೆ. ನೀನಿನ್ನು ಹೋಗು.”

ಅವನು ಸುಮ್ಮನಾಗಲಿಲ್ಲ. ಆ ವಾರವೇ ನಮ್ಮ ಮನೆಯವರನ್ನು ಗೇಟಿನಲ್ಲಿ ತಡೆದು, ಜಾಗ ಖಾಲಿ ಮಾಡಿ ಅಂದ. ಆಂಟಿ ಒಳಗಿಂದ ಬಂದು, ಮನೆ ನನ್ನದು, ಅವರು ಇರ್ತಾರೆ ಅಂದರು. ಎರಡು ವರ್ಷ ಇದ್ದೆವು. ಬಿಟಿಎಂ ಲೇಔಟ್‌ಗೆ ಹೊರಟ ದಿನ, ದಪ್ಪಕ್ಷರದ ಒಂದು ಕತೆ ಪುಸ್ತಕ ತಂದುಕೊಡು ಅಂದಿದ್ದರು. ಮುಂದಿನ ವಾರವೇ ತರ್ತೀನಿ ಅಂದಿದ್ದೆ. ಆ ವಾರ... ಹತ್ತಾರು ವರ್ಷವಾಯಿತು.

ಹಾಳೆ ಸಿಕ್ಕ ಮಾರನೇ ದಿನ ಜಯನಗರಕ್ಕೆ ಹೋಗಿ ಪುಸ್ತಕ ಕೊಂಡು ವಸಂತಪುರಕ್ಕೆ ಹೋದೆ. ಗೇಟು ತೆಗೆದದ್ದು ಮಗಳು. ಅಮ್ಮ ಶಿವರಾತ್ರಿಗೆ ಮೊದಲೇ ಹೋಗಿಬಿಟ್ರು ಅಂದಳು. ಒಳಗೆ ಕೂರಿಸಿ ಕಾಫಿ ಕೊಟ್ಟಳು.

“ದಿನಾ ಪೇಪರ್ ಓದೋರು ಅಕ್ಕ, ಜಾಹೀರಾತೂ ಬಿಡ್ತಿರಲಿಲ್ಲ. ಕತೆ ಪುಸ್ತಕ ತಂದ್ಕೊಡ್ತೀನಿ ಅಂದ್ರೆ ಬೇಡ ಅನ್ನೋರು. ಮೇಲಿನ ಮನೆ ಹುಡುಗಿ ತರ್ತಾಳೆ ಅನ್ನೋರು.”

ವಾಪಸು ಬರುವಾಗ ಬಸ್ಸಿನಲ್ಲಿ ಪುಸ್ತಕ ಮಡಿಲಲ್ಲೇ ಇತ್ತು. ಬನಶಂಕರಿ ಬಂದರೂ ತೆರೆಯಲಾಗಲಿಲ್ಲ.