ನನ್ನಲ್ಲೇ ನಿಂತುಹೋದ ಸಮಾಧಾನ

ನಾನು ಸುಳ್ಳು ಸಾಕ್ಷಿ ಹೇಳಿದೆ, ಮರ್ಸಿ. ಚರ್ಚಿನಲ್ಲಿ, ಇಡೀ ಸಭೆಯ ಮುಂದೆ, ಮೈಕ್ ಹಿಡಿದು, ಕಣ್ಣೀರು ಸುರಿಸಿ. "ನನ್ನನ್ನು ನೋಯಿಸಿದ ಸಹೋದರಿಯನ್ನು ಕ್ಷಮಿಸಿದ್ದೇನೆ, ಕರ್ತರು ನನ್ನ ಹೃದಯವನ್ನು ಮೆತ್ತಗೆ ಮಾಡಿದ್ದಾರೆ" ಅಂದೆ. ಮಾಡಿರಲಿಲ್ಲ. ಅಥವಾ ಅವರು ಮಾಡಲು ಬಂದಾಗ ನಾನೇ ಒಳಗಿನಿಂದ ಚಿಲಕ ಹಾಕಿ—

ನೋಡು, ಬರೆಯುತ್ತಿದ್ದರೆ ಕೂತಲ್ಲಿ ಕೂರಲಾಗುತ್ತಿಲ್ಲ. ಎದೆ ಹಾರುತ್ತಿದೆ. ಹೆದರಿಕೆಯಲ್ಲ ಇದು; ಕ್ರಿಸ್‌ಮಸ್ಸಿನ ಹಿಂದಿನ ದಿನ ಹೊಸ ಲಂಗವನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದೆವಲ್ಲ, ಅಂಥದ್ದು.

ನೀನು ನೋಯಿಸಿದ ಆ ಮಧ್ಯಾಹ್ನವನ್ನು ನಾನು ಯಾವಾಗ ಹೇಳಿದರೂ ಅದರಲ್ಲಿ ಮಳೆ ಇರುತ್ತದೆ. ಮಳೆ ಬಂದಿತ್ತೇ? ನೋವಿಗೆ ಒಪ್ಪುತ್ತದೆಂದು ನಾನೇ ತಂದು ಸುರಿಸಿಕೊಂಡೆನೋ ಏನೋ. ಮಳೆಯನ್ನು ಬಿಡುತ್ತೇನೆ. ರಾಮಮೂರ್ತಿ ನಗರದ ಮನೆಯೊಂದರಲ್ಲಿ ನಮ್ಮ ಹೆಂಗಸರ ಪ್ರಾರ್ಥನಾ ಕೂಟ ನಡೆದಿತ್ತು, ಇದು ಖಂಡಿತ. ನೀನು ಕಣ್ಣು ಮುಚ್ಚಿ, ಗಂಟಲೆತ್ತಿ, "ಕರ್ತರೇ, ನಮ್ಮ ಸರೋಜನ ಮಗಳು ಶೀಲಾ ಗಂಡನ್ನ ಬಿಟ್ಟು ಬಂದ್ಬಿಟ್ಟಿದ್ದಾಳೆ, ಅವಳ ಕೈ ಹಿಡಿಯಪ್ಪಾ" ಅಂದೆ. ಎಲ್ಲರ ಕಣ್ಣು ಮುಚ್ಚಿದ್ದವು, ಕಿವಿಗಳು ನೆಟ್ಟಗಾದವು. ಆಮೆನ್ ಆದ ಕೂಡಲೇ, ಚಹಾ ಬರುವ ಮೊದಲೇ, ಪಕ್ಕದಾಕೆ ಬಾಗಿದಳು: "ನಾವೂ ಪ್ರಾರ್ಥನೆ ಮಾಡ್ತೀವಮ್ಮ. ಯಾಕ್ ಬಿಟ್ಟಳಂತೆ?"

ಅದರ ಹಿಂದಿನ ವಾರ ಕಮರ್ಷಿಯಲ್ ಸ್ಟ್ರೀಟಿನ ಸೀರೆ ಅಂಗಡಿಯಲ್ಲಿ ನಿನಗೊಬ್ಬಳಿಗೇ ಹೇಳಿಕೊಂಡಿದ್ದೆ. "ಯಾರಿಗೂ ಹೇಳ್ಬೇಡ ಕಣೇ." ಇಷ್ಟನ್ನು ಎಲ್ಲರಿಗೂ ಸಾರಿದ್ದೇನೆ. ಆದರೆ ಅದೇ ಉಸಿರಿನಲ್ಲಿ "ಪ್ರಾರ್ಥನೆ ಮಾಡೇ" ಎಂದೂ ಬೇಡಿದ್ದೆ. ಈ ಎರಡನೆಯ ಮಾತನ್ನು ಇವತ್ತಿನವರೆಗೆ ಯಾರ ಮುಂದೆಯೂ ಹೇಳಿಲ್ಲ. ನಿನಗೆ ಪ್ರಾರ್ಥನೆಯೆಂದರೆ ಗಟ್ಟಿಯಾಗಿ ಮಾಡುವುದು. ನಮ್ಮಲ್ಲಿ ಯಾರಿಗೆ ಅಲ್ಲ? ನೋವಾಗಲಿಲ್ಲವೆನ್ನುತ್ತಿಲ್ಲ. ಆಯಿತು. ತುಂಬ ಆಯಿತು. ಆದರೆ ಅದನ್ನು ನಾನು ಸಾಕಿದೆ, ಮರ್ಸಿ, ಹಾಲು ಹಾಕಿ.

ಸಾಕ್ಷಿಯ ದಿನ ನಾನು ನಿನ್ನ ಹೆಸರೆತ್ತಲಿಲ್ಲ. ಎತ್ತಬೇಕಿರಲಿಲ್ಲ, ತಲೆಗಳೆಲ್ಲ ತಾವೇ ನಿನ್ನ ಕಡೆ ತಿರುಗಿದವು. ನನಗೆ "ಸ್ತೋತ್ರ, ಸ್ತೋತ್ರ" ಎಂಬ ಉದ್ಗಾರ. ನಿನಗೆ? ಅಂದಿನಿಂದ ಯಾರೂ ನಿನ್ನ ಬಳಿ ಕಷ್ಟ ಹೇಳಿಕೊಳ್ಳಲಿಲ್ಲ. ಕೂಟದಲ್ಲಿ ಪ್ರಾರ್ಥನೆ ನಡೆಸೆಂದು ಯಾರೂ ಕರೆಯಲಿಲ್ಲ. ನಿನ್ನ ಆ ದೊಡ್ಡ ಗಂಟಲು ಹಾಡಿನಲ್ಲಿ ಕೂಡ ಕೇಳದಂತಾಯಿತು. ಕ್ಷಮಿಸಿದ್ದೇನೆ ಎಂಬ ಒಂದೇ ಮಾತಿನಿಂದ ನಿನ್ನ ಬಾಯಿ ಹೊಲಿದೆ.

ಇನ್ನೂ ಇದೆ. ಕರ್ತರ ಭೋಜನದ ಭಾನುವಾರಗಳಲ್ಲಿ ಪಾದ್ರಿ ಅಯ್ಯನವರು ಅಂಗೈ ಹಿಡಿದು ಕೊಟ್ಟ ಸಮಾಧಾನದ ಹಾರೈಕೆ ಕೈಯಿಂದ ಕೈಗೆ, ಬೆಂಚಿನಿಂದ ಬೆಂಚಿಗೆ ಇಳಿದು ಬರುತ್ತದೆ. ನಮ್ಮ ಬೆಂಚಿನ ಕೊನೆಯಲ್ಲಿ ನಾನು. ಹಿಂದಿನ ಬೆಂಚಿನ ಮೊದಲಲ್ಲಿ ನೀನು. ನಾನು ನಿನಗೆ ಕೊಡಬೇಕು. ವರ್ಷಗಟ್ಟಲೆ ನಿನ್ನನ್ನು ದಾಟಿ ನಿನ್ನ ಪಕ್ಕದವಳಿಗೆ ಕೈ ಚಾಚಿದೆ. ನೀನು ಪ್ರತಿ ಸಲವೂ ಅಂಗೈಗಳನ್ನು ಅರ್ಧ ತೆರೆದು ಕಾದಿರುತ್ತಿದ್ದೆ. ನೋಡಿದ್ದೇನೆ. ನೋಡದವಳಂತೆ ತಿರುಗಿದ್ದೇನೆ.

ಹೋದ ಭಾನುವಾರ ಆ ಪಕ್ಕದವಳು ಬಂದಿರಲಿಲ್ಲ. ಹಿಂದಿನ ಬೆಂಚಿನಲ್ಲಿ ನೀನೊಬ್ಬಳೇ. ನಾನು ಬಿದ್ದಿರದ ಕನ್ನಡಕವನ್ನು ಹುಡುಕುತ್ತ ಬಗ್ಗಿದೆ! ತಲೆಯ ಮೇಲಿಂದ ನಿನ್ನ ಪಿಸುಮಾತು ಬಂತು:

"ಸರೋಜಾ, ಶೀಲಾ ಚೆನ್ನಾಗಿದ್ದಾಳಾ? ದಿನಾ ಪ್ರಾರ್ಥನೆ ಮಾಡ್ತೀನಿ ಕಣೇ. ಮನಸ್ಸಲ್ಲೇ. ಹೆದರ್ಬೇಡ, ಬಾಯಿ ಬಿಡಲ್ಲ."

ನನಗೆ ನಗು ಬಂತು. ನಿಜವಾಗಿಯೂ ನಗು, ಬೆಂಚಿನ ಕೆಳಗೆ, ಜೊತೆಗೇ ಅಳು. ನೋವಾದ ಮೇಲೂ ಮೆತ್ತಗೆ ಉಳಿದವಳು ನೀನು. ನಾನು ಮೈಕಿನಲ್ಲಿ ಹೊಗಳಿಕೊಂಡ ಆ ಹೃದಯ ನಿನ್ನದಾಗಿತ್ತು. ಆದರೂ ನಾನು ಏಳಲಿಲ್ಲ. ಹಾಡು ಶುರುವಾಗುವವರೆಗೆ ಬಗ್ಗಿಯೇ ಇದ್ದೆ.

ಮನೆಗೆ ಬಂದು ಶೀಲಾಗೆ ಎಲ್ಲ ಹೇಳಿದೆ. ಭಾನುವಾರದ ಪಾಳಿ ಮುಗಿಸಿ ಇಂದಿರಾನಗರದ ಕೆಲಸದಿಂದ ಆಗಷ್ಟೇ ಬಂದು ಚಪ್ಪಲಿ ಬಿಡುತ್ತಿದ್ದವಳು ಅಂದಳು: "ಅಮ್ಮಾ, ಮಾನ ಹೋಯ್ತು ಅಂತ ಕುಣಿದಿದ್ದು ನೀನು. ನನ್ನನ್ನ ಒಂದ್ ಮಾತು ಕೇಳಿದ್ಯಾ?" ಕೇಳಿರಲಿಲ್ಲ.

ಈ ಭಾನುವಾರ ಸಾಕ್ಷಿಯ ಹೊತ್ತಿಗೆ ನಾನು ಏಳುತ್ತೇನೆ, ಅದೇ ಮೈಕ್ ಹಿಡಿದು. ಆ ಸಾಕ್ಷಿ ಸುಳ್ಳು ಎನ್ನುತ್ತೇನೆ. "ಪ್ರಾರ್ಥನೆ ಮಾಡೇ" ಎಂದು ಬೇಡಿದ್ದನ್ನೂ ಹೇಳುತ್ತೇನೆ. ಸ್ತೋತ್ರ ಹೇಳಿದವರೇ ಮುಖ ತಿರುಗಿಸಬಹುದು, ತಿರುಗಿಸಲಿ. ಆಮೇಲೆ ನಿನ್ನ ಮುಂದೆ ಬಂದು ಅಂಗೈಗಳನ್ನು ಅರ್ಧ ತೆರೆದು ನಿಲ್ಲುತ್ತೇನೆ. ನೀನು ನನ್ನನ್ನು ದಾಟಿ ಬೇರೆಯವರಿಗೆ ಕೈ ಚಾಚಿದರೆ, ಅದು ನಿನ್ನಿಷ್ಟ. ಮುಂದಿನ ಭೋಜನಕ್ಕೂ ಹಾಗೆಯೇ ನಿಲ್ಲುತ್ತೇನೆ. ಹಾಗೆ ನಿಲ್ಲುವುದು ಹೇಗೆಂದು ನೋಡಿ ಕಲಿತಿದ್ದೇನೆ.