ಬಂದಿಲ್ಲ ಎಂಬ ಒಂದು ಮಾತು

ನನ್ನ ಹೆಂಡತಿ ಮಂಜರಿಯ ಬಾಯಿಂದ ಗುಟ್ಟು ಹೊರಡಿಸುವುದಕ್ಕಿಂತ ಮರಳು ಹಿಂಡಿ ಎಣ್ಣೆ ತೆಗೆಯುವುದು ಸುಲಭ. ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಇದನ್ನು ಹೊಗಳಿಕೆ ಎಂದು ಹೇಳುತ್ತಿಲ್ಲ, ಬೈಗುಳ ಎಂದೂ ಅಲ್ಲ.

ಪುಣೆಯ ಕರ್ವೆನಗರದಲ್ಲಿ ದಂತವೈದ್ಯರೊಬ್ಬರ ದವಾಖಾನೆಯ ಮೇಲೆ ಅವಳ ಕೋಣೆ. ನೊಂದ ಮನಸ್ಸಿಗೆ ಚಿಕಿತ್ಸೆ ಕೊಡುವುದು ಅವಳ ಕೆಲಸ. ಅದಕ್ಕಾಗಿ ವರ್ಷಗಟ್ಟಲೆ ಓದಿ, ಹಿರಿಯರ ಕೈಕೆಳಗೆ ತಿದ್ದಿಸಿಕೊಂಡು, ಈ ವೃತ್ತಿಯವರ ಮೇಲೆ ಕಣ್ಣಿಡುವ ದಿಲ್ಲಿಯ ಪರಿಷತ್ತಿನ ಪಟ್ಟಿಯಲ್ಲಿ ಹೆಸರು ಬರೆಸಿದ್ದಾಳೆ. ಪುಣೆಯಲ್ಲಿ ಮರಾಠಿಯಲ್ಲಿ ವ್ಯಾಪಾರ ಮಾಡಬಹುದು, ಜಗಳವನ್ನೂ ಆಡಬಹುದು. ಅಳುವುದಕ್ಕೆ ಮಾತ್ರ ಕನ್ನಡವೇ ಬೇಕು ಎನ್ನುವ ಧಾರವಾಡ, ಬೆಳಗಾವಿ ಕಡೆಯ ಮಂದಿ ಅವಳ ಹತ್ತಿರ ಬರುತ್ತಿದ್ದರು. ಯಾರು ಎಂದು ನನಗೆ ಗೊತ್ತಿಲ್ಲ. ಮದುವೆಮನೆಯಲ್ಲಿ ಅವಳು ತಾನಾಗಿ ಯಾರನ್ನೂ ಮಾತಾಡಿಸುವುದಿಲ್ಲ. ಅವರಾಗಿ ಮಾತಾಡಿಸಿದರೆ ಮಾತ್ರ ಮಾತು. ತನ್ನ ಪರಿಚಯ ಯಾರಿಗೂ ಮುಜುಗರ ತರಬಾರದು ಎಂದು. ನಮ್ಮವರು ಅದಕ್ಕೆ ಸೊಕ್ಕು ಎಂದು ಹೆಸರಿಟ್ಟರು.

ಅವಳ ವೃತ್ತಿಯ ನಿಯಮ ಇನ್ನೂ ಕಠಿಣ. ಇಂಥವರು ಬಂದಿದ್ದಾರೆ ಎನ್ನುವಂತಿಲ್ಲ, ಬಂದಿಲ್ಲ ಎಂದೂ ಹೇಳುವಂತಿಲ್ಲ. ಬಾರದವರ ಬಗ್ಗೆ ಬಂದಿಲ್ಲ ಎಂದರೆ ಏನು ಗಂಟು ಹೋಗುತ್ತದೆ ಎಂದು ನಾನೊಮ್ಮೆ ಕೇಳಿದ್ದೆ. ಹಾಗೆ ಹೇಳುತ್ತಾ ಹೋದರೆ, ಯಾರ ವಿಷಯದಲ್ಲಿ ಸುಮ್ಮನಾಗುತ್ತೇನೋ ಅವರು ಬಂದಿದ್ದಾರೆ ಎಂದು ಡಂಗುರ ಹೊಡೆದಂತೆಯೇ ಅಲ್ಲವೇ ಎಂದಳು.

ನಮ್ಮಲ್ಲಿ ಸಂಬಂಧ ಕುದುರುವ ಮೊದಲು ವಿಚಾರಣೆ ಎಂದೊಂದಿದೆ. ಹುಡುಗನ ಆಫೀಸು, ಅಕ್ಕಪಕ್ಕದ ಮನೆ, ಕಿರಾಣಿ ಅಂಗಡಿ ಎಲ್ಲ ಕಡೆ ಕೇಳುತ್ತಾರೆ. ನಮ್ಮ ಪೈಕಿಯ ಶಿವಪ್ರಕಾಶರು ತಮ್ಮ ಮಗಳು ಸಪ್ನಾಳಿಗೆ ವಿನೀತನನ್ನು ನೋಡಿದ್ದರು. ವಿನೀತ ಖರಾಡಿಯಲ್ಲಿ ಲೆಕ್ಕಪತ್ರದ ಕೆಲಸದವನು, ತಂದೆಯಿಲ್ಲದ ಹುಡುಗ. ಅವನ ತಾಯಿಯ ಹೆಸರು ಇಂದೂ; ಧಾರವಾಡದಲ್ಲಿದ್ದಾಗ ನಮ್ಮ ಓಣಿಯವಳು, ಈಗ ಮಗನ ಜೊತೆ ಪುಣೆಯಲ್ಲೇ. ಮಂಜರಿಯ ಕೋಣೆಯ ಕೆಳಗೆ ಅವನ ಸ್ಕೂಟರ್ ನಿಂತದ್ದನ್ನು ಯಾರೋ ಪುಣ್ಯಾತ್ಮರು ನೋಡಿದ್ದರಂತೆ. ಶಿವಪ್ರಕಾಶರು ನಮ್ಮ ಮನೆಗೆ ಬಂದು, ಚಹಾ ಕುಡಿಯುತ್ತಾ, ಹುಡುಗ ನಿಮ್ಮಲ್ಲಿಗೆ ಬರುತ್ತಾನೆಯೇ ಎಂದು ಕೇಳಿಯೇಬಿಟ್ಟರು. ಯಾರ ವಿಷಯವನ್ನೂ ತಾನು ಹೇಳುವುದಿಲ್ಲ ಎಂದಳು ಮಂಜರಿ. ಮೌನಂ ಸಮ್ಮತಿ ಲಕ್ಷಣಂ ಎಂದುಕೊಂಡು ಅವರು ಕಪ್ಪು ಕೆಳಗಿಟ್ಟರು.

ಮರುದಿನವೇ ಇಂದೂ ಬಂದಳು. ವಿನೀತ ಕೆಳಗಿನ ದವಾಖಾನೆಗೆ ಹಲ್ಲು ತೋರಿಸಲು ಹೋಗಿದ್ದನಂತೆ.

"ಅಂವ ನಿನ್ನ ಹಂತ್ಯಾಕ ಬಂದಿಲ್ಲ ಅಂತ ಒಂದ ಮಾತ ಹೇಳವ್ವಾ. ಸುಳ್ಳೇನ್ ಹೇಳಬ್ಯಾಡ, ಇದ್ದದ್ದ ಹೇಳು" ಎಂದಳು.

ಮಂಜರಿ ಹೇಳಲಿಲ್ಲ. ಸಂಬಂಧ ಮುರಿಯಿತು. ಒಂದು ಮಾತಿನಲ್ಲಿ ಏನು ಮುಳುಗುತ್ತಿತ್ತು ಎಂದು ಆ ದಿನ ನಾನೂ ಕೂಗಾಡಿದೆ. ಅವಳು ತನ್ನ ಪಾಡಿಗೆ ರೊಟ್ಟಿ ಬಡಿಯುತ್ತಿದ್ದಳು. ಇಂದೂ ದಿಲ್ಲಿಯ ಪರಿಷತ್ತಿಗೇ ದೂರು ಬರೆಸಿದಳು: ಈಕೆ ಸುಮ್ಮನಿದ್ದು ನನ್ನ ಮಗನ ಮಾನ ಕಳೆದಳು ಎಂದು. ಮಳೆಗಾಲವೆಲ್ಲ ಮಂಜರಿ ಅದಕ್ಕೆ ಜವಾಬು ಬರೆಯುತ್ತ ಕುಳಿತಳು. ತಪ್ಪಿಲ್ಲ ಎಂದು ತೀರ್ಪು ಬರುವ ಹೊತ್ತಿಗೆ ನಮ್ಮ ಕನ್ನಡದ ಮಂದಿ ಅವಳ ಮೆಟ್ಟಿಲು ಹತ್ತುವುದನ್ನೇ ಬಿಟ್ಟಿದ್ದರು.

ಅವರೆಲ್ಲ ಹೋದದ್ದು ಬಸವಪ್ರಭುವಿನ ಹತ್ತಿರ. ಈತ ಮೊನ್ನೆ ಮೊನ್ನೆಯವರೆಗೆ ವಿಮೆ ಮಾರುತ್ತಿದ್ದವನು. ಯಾವುದೋ ಹೋಟೆಲಿನ ಹಾಲಿನಲ್ಲಿ ಒಂದು ವಾರಾಂತ್ಯದ ಶಿಬಿರ ಮುಗಿಸಿ, ಮೈಂಡ್ ಕೋಚ್ ಎಂದು ಬೋರ್ಡು ಹಾಕಿದ್ದ. ಶಿಬಿರದ ಸರ್ಟಿಫಿಕೇಟು ದೇವರ ಫೋಟೋಕ್ಕಿಂತ ದೊಡ್ಡದು. ಕೇಳಿದವರಿಗೆಲ್ಲ, ಹುಡುಗ ಚಲೋ ಇದ್ದಾನೆ ಎಂದು ಬಾಯಿತುಂಬ ಹೇಳುತ್ತಿದ್ದ. ಲೆಟರ್‌ಹೆಡ್ಡಿನ ಮೇಲೆ ಬರೆದೂ ಕೊಡುತ್ತಿದ್ದ. ಭಾಳ ಭರವಸೆಯ ಮನುಷ್ಯ ಎಂದು ಹೆಸರಾದ. ಬಾಯಿ ಬಿಡುವವನ ಮೇಲೆಯೇ ನಮ್ಮವರಿಗೆ ಭರವಸೆ.

ಇಂದೂ ಮಗನನ್ನು ಎಳೆದುಕೊಂಡು ಅಲ್ಲಿಗೆ ಹೋದಳು. ಒಂದು ಸಹಿ ಸಾಕಿತ್ತು ಅವಳಿಗೆ. ಆದರೆ ಬಾಗಿಲು ಮುಚ್ಚಿದ ಕೋಣೆಯಲ್ಲಿ, ನಿಮಗೆ ಹೇಗನಿಸುತ್ತದೆ ಎಂದು ಜೀವನದಲ್ಲಿ ಮೊದಲ ಸಲ ಯಾರೋ ಕೇಳಿದಾಗ, ಆ ಹುಡುಗ ಎಲ್ಲವನ್ನೂ ಹೇಳಿಬಿಟ್ಟ. ಅಪ್ಪ ಹೋದಾಗಿನಿಂದ ನಿದ್ದೆಯಿಲ್ಲದ್ದು, ಮುಠಾ ನದಿಯ ಸೇತುವೆಯ ಮೇಲೆ ಒಮ್ಮೆ ಬಹಳ ಹೊತ್ತು ನಿಂತು ಮನೆಗೆ ಮರಳಿದ್ದು. ಬಸವಪ್ರಭು ಹುಡುಗ ಸರಿಯಿದ್ದಾನೆ ಎಂದು ಬರೆದುಕೊಟ್ಟ. ಮುಂದಿನ ಭಾನುವಾರ ಕನ್ನಡ ಸಂಘದ ಉಪ್ಪಿಟ್ಟಿನ ಪ್ಲೇಟು ಹಿಡಿದು, ಪಾಪ, ಬಹಳ ಕಾಳಜಿಯಿಂದ, ನಾಲ್ಕು ಜನರ ನಡುವೆ ಆ ಸೇತುವೆಯ ಮಾತು ಎತ್ತಿದ. ಆ ನಾಲ್ವರಲ್ಲಿ ನಾನೂ ನಿಂತಿದ್ದೆ. ಮಧ್ಯಾಹ್ನದ ಹೊತ್ತಿಗೆ ಅದು ಊರಿನ ಆ ತುದಿಯ ಹಡಪಸರದವರೆಗೆ ಮುಟ್ಟಿತ್ತು.

ಮಂಜರಿಗೆ ಸಿಟ್ಟು ಬಂದದ್ದನ್ನು ಆಗ ನೋಡಿದೆ. ಬಸವಪ್ರಭುವಿನ ಮೇಲೆ ದಿಲ್ಲಿಗೆ ದೂರು ಬರೆದಳು. ಆ ಮನುಷ್ಯನ ಹೆಸರು ನಮ್ಮ ಪಟ್ಟಿಯಲ್ಲಿಲ್ಲ, ಪಟ್ಟಿಯಲ್ಲಿ ಇಲ್ಲದವರ ಮೇಲೆ ನಾವು ಕ್ರಮ ಕೈಗೊಳ್ಳಲು ಬರುವುದಿಲ್ಲ ಎಂದು ಉತ್ತರ ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಇಲ್ಲಿ ಬರೆ ಹಾಕಲು ಎಮ್ಮೆಯ ಹೆಸರು ಮಾತ್ರ ರಿಜಿಸ್ಟರಿನಲ್ಲಿತ್ತು. ಬಸವಪ್ರಭು ಈಗ ಎರಡನೇ ಆಫೀಸು ತೆರೆದಿದ್ದಾನೆ.

ವಿನೀತ ಕೆಲಸ ಬಿಟ್ಟು ಬಾರಾಮತಿಯ ಡೇರಿಯೊಂದಕ್ಕೆ ಸೇರಿಕೊಂಡ. ತಾಯಿಯ ಫೋನು ಎತ್ತುವುದಿಲ್ಲ. ವಾರಕ್ಕೊಮ್ಮೆ ಬಸ್ಸು ಹಿಡಿದು ಪುಣೆಗೆ ಬರುತ್ತಾನೆ ಎಂದು ಸುದ್ದಿ. ಎಲ್ಲಿಗೆ ಎಂದು ಯಾರಿಗೂ ತಿಳಿಯದು.

ಹೋದ ವಾರ ಇಂದೂ ಮತ್ತೆ ನಮ್ಮ ಮನೆಗೆ ಬಂದಳು. ಕೂರು ಎಂದರೂ ಬಹಳ ಹೊತ್ತು ಕೂರಲಿಲ್ಲ. ಅವತ್ತೇ ಒಂದು ಮಾತು ಹೇಳಿದ್ದರೆ ಆ ಚಾಂಡಾಲನ ಬಾಗಿಲಿಗೆ ನಾವೇಕೆ ಹೋಗುತ್ತಿದ್ದೆವು ಎಂದು ಮಂಜರಿಯನ್ನು ಶಪಿಸಿದಳು. ಆಮೇಲೆ ಅವಳ ಕೈ ಹಿಡಿದುಕೊಂಡಳು.

"ಅಂವ ನಿನ್ನ ಹಂತ್ಯಾಕ ಬರ್ತಾನೇನ? ಬರ್ತಾನ ಅಂತ ಅಷ್ಟ ಹೇಳು. ನಿನ್ನ ಹತ್ರ ಬರಾಕತ್ತಾನಂದ್ರ ನಾ ಧೈರ್ಯಾಗಿ ಇರ್ತೀನಿ."

ಮಂಜರಿ ಕೈ ಬಿಡಿಸಿಕೊಳ್ಳಲಿಲ್ಲ. ಅವಳ ಕಣ್ಣುಗಳೂ ತುಂಬಿದ್ದವು.

"ಅದನ್ನ ನಾ ಹೇಳೂಹಂಗಿಲ್ರಿ, ಇಂದೂಬಾಯಿ."

ಇಂದೂ ನನ್ನ ಕಡೆ ತಿರುಗಿದಳು. "ಪ್ರಲ್ಹಾದ, ನೀನರ ಹೇಳೋ."

ನನಗೆ ಗೊತ್ತಿಲ್ಲ ಎಂದೆ. ಅದು ನಿಜ. ಅವಳು ನಂಬಲಿಲ್ಲ.