ಕೆಂಚನ ತಲೆಯ ಮೇಲೆ ಏಳು ಕ್ವಿಂಟಲ್

ನಾಗನೂರಿನ ದ್ರಾಕ್ಷಾಯಿಣಿಗೆ ನಲವತ್ತಾರು ವರ್ಷ. ಕುರಿ ಸಾಕುವ ಮನೆತನದಲ್ಲಿ ಹುಟ್ಟಿ, ಗೋಕಾಕದ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿದವಳು. ಹುಕ್ಕೇರಿಗೆ ಮದುವೆ ಮಾಡಿಕೊಟ್ಟಿದ್ದರು. ಎರಡು ವರ್ಷ ಬಾಳಿ, ಒಂದು ಟ್ರಂಕು ಹಿಡಿದುಕೊಂಡು ತಿರುಗಿ ಬಂದಳು. ಯಾಕೆಂದು ತಂದೆ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಈಗ ತಂದೆಯೂ ಇಲ್ಲ. ಹದಿನೆಂಟು ವರ್ಷಗಳಿಂದ ಮೂಡಲಗಿಯ ಒಂದು ಹೈಸ್ಕೂಲಿನಲ್ಲಿ ಪ್ರಯೋಗಶಾಲೆಯ ಸಹಾಯಕಿ. ಗಾಜಿನ ನಳಿಕೆ ತೊಳೆಯುವುದು, ತಕ್ಕಡಿಯ ಮುಳ್ಳನ್ನು ಸೊನ್ನೆಗೆ ತರುವುದು, ಉತ್ತರ ಸರಿ ಬರಲಿ ಎಂದು ಮಕ್ಕಳು ತಿದ್ದಿ ಬರೆದ ಅಳತೆಗಳನ್ನು ಹಿಡಿಯುವುದು ಅವಳ ಕೆಲಸ.

ಸಂಜೆ ಬಸ್ಸಿಳಿದು ಮನೆಗೆ ಬಂದರೆ ಮಾತಾಡಲು ಇದ್ದದ್ದು ಕೆಂಚ ಒಬ್ಬನೇ. ಕೆಂಚ ಅಂದರೆ ಟಗರು. ಅದು ತಮ್ಮ ಮಾಯಪ್ಪನದು. ಕಾಳಗಕ್ಕೆ ಬೆಳೆಸುವ ಟಗರನ್ನು ಹೆಣ್ಣು ಕುರಿಗಳ ಜೊತೆ ಬಿಡುವುದಿಲ್ಲ, ಬಿಟ್ಟರೆ ಕಸುವು ಹೋಗುತ್ತದೆ ಎಂದು ಕುರಿಗಾರರ ನಂಬಿಕೆ. ಅದಕ್ಕೇ ಮಾಯಪ್ಪ ಅದನ್ನು ಮರಿಯಿದ್ದಾಗಲೇ ಅಕ್ಕನ ಮನೆಯಲ್ಲಿ ತಂದು ಕಟ್ಟಿದ್ದ. ಅವಳು ಹುರುಳಿ ನೆನೆಸಿ ತಿನ್ನಿಸಿದಳು, ಮೈ ತೊಳೆದಳು, ಶಾಲೆಯ ಸುದ್ದಿಯನ್ನೆಲ್ಲ ಹೇಳಿದಳು. ಕೆಂಚ ಮೆಲುಕು ಹಾಕುತ್ತ ಕೇಳುತ್ತಿದ್ದ.

ದೀಪಾವಳಿಗೆ ಎಂಟು ದಿನವಿದ್ದಾಗ ಮಾಯಪ್ಪ ಬಂದು ಕೆಂಚನ ಬಾಯಿ ಬಿಡಿಸಿ ನೋಡಿದ.

"ನಾಕ ಹಲ್ಲ ಹಚ್ಯಾನ ನೋಡಕ್ಕಾ! ಐತವಾರ ಹುಕ್ಕೇರ್‍ಯಾಗ ನಾಕ ಹಲ್ಲಿನ ಕಾಳಗ ಐತಿ. ಹೆಸರ ಬರಸಿ ಬಂದೇನಿ."

ಕಾಳಗದಲ್ಲಿ ಟಗರಿನ ಜೋಡಿ ಹಚ್ಚುವುದು ವಯಸ್ಸು ತೋರಿಸುವ ಹಲ್ಲು ಎಣಿಸಿ. ಎರಡು ಹಲ್ಲಿನದಕ್ಕೆ ಎರಡು ಹಲ್ಲಿನದು, ನಾಲ್ಕಕ್ಕೆ ನಾಲ್ಕು. ತೂಕ ಯಾರೂ ನೋಡುವುದಿಲ್ಲ. ಕೆಂಚನಿಗೆ ಹಲ್ಲು ಬೇಗ ಬಂದಿತ್ತು, ಮೈ ಇನ್ನೂ ತುಂಬಿರಲಿಲ್ಲ. ರೇಷನ್ ಅಂಗಡಿಯ ಕಾಟಾದ ಮೇಲೆ ನಿಲ್ಲಿಸಿದರೆ ಐವತ್ತು ಕಿಲೋ.

"ಅಲ್ಲಿ ಎದುರಿಗೆ ಬರೂದು ಎಷ್ಟ ತೂಕದ್ದು?" ದ್ರಾಕ್ಷಾಯಿಣಿ ಕೇಳಿದಳು.

"ಎಪ್ಪತ್ತ ಅಂತಾರ. ಆದ್ರ ಹಲ್ಲ ನಾಕ ಅದಾವಲ್ಲ."

"ಹಲ್ಲಿಲೆ ಗುದ್ದತಾವೇನೋ ಮಾಯಾ?"

ಮಾಯಪ್ಪ ನಕ್ಕನೇ ಹೊರತು ಹೆಸರು ತೆಗೆಸುತ್ತೇನೆ ಎನ್ನಲಿಲ್ಲ. ಬೇಡ ಎಂದರೆ ತಮ್ಮ ಕೇಳುವವನಲ್ಲ. ಲೆಕ್ಕ ತೋರಿಸಿದರೆ ಕೇಳಬಹುದು ಎಂದುಕೊಂಡಳು.

ಮರುದಿನ ಬೆಳಿಗ್ಗೆ ಮಾಯಪ್ಪನ ಜೊತೆಗಾರ ಸಿದ್ರಾಯ ತನ್ನ ಟಗರನ್ನು ತಾಲೀಮಿಗೆ ತಂದ. ಅದೂ ಐವತ್ತು ಕಿಲೋದ್ದೇ. ದ್ರಾಕ್ಷಾಯಿಣಿ ನೆಲದ ಮೇಲೆ ಸುಣ್ಣದಿಂದ ಒಂದು ಮೀಟರ್ ಅಂತರದ ಎರಡು ಗೆರೆ ಎಳೆದು, ಮೊಬೈಲನ್ನು ಇಟ್ಟಿಗೆಗಳ ಮೇಲೆ ಇಟ್ಟಳು. ಸೆಕೆಂಡಿಗೆ ಇನ್ನೂರ ನಲವತ್ತು ಚಿತ್ರ ತೆಗೆಯುವ ನಿಧಾನ ವಿಡಿಯೊ ಅದರಲ್ಲಿತ್ತು.

"ಏನ್ರಿ ಅಕ್ಕಾರ, ಫೋಟೊ ತಗದು ನಮ್ಮ ಟಗರಿಗೆ ಹೆಣ್ಣ ನೋಡಾವ್ರೇನ್ರಿ?" ಎಂದ ಸಿದ್ರಾಯ.

"ನಿನಗ ಮೊದಲ ಸಿಗಲಿ, ಆಮ್ಯಾಲೆ ಅದಕ್ಕ ನೋಡೂನು," ಎಂದಳು.

ಟಗರುಗಳು ಹಿಂದೆ ಸರಿದವು, ನಿಂತವು, ಓಡಿ ಬಂದು ಗುದ್ದಿದವು. ಆ ಸದ್ದಿಗೆ ಅವಳ ಹಲ್ಲು ಕಚ್ಚಿಕೊಂಡವು. ಎರಡೂ ಇದ್ದಲ್ಲೇ ನಿಂತುಬಿಟ್ಟವು.

ಒಳಗೆ ಕುಳಿತು ಒಂದೊಂದೇ ಚಿತ್ರ ಸರಿಸಿ ಎಣಿಸಿದಳು. ಒಂದು ಮೀಟರ್ ದಾಟಲು ಕೆಂಚನಿಗೆ ಹಿಡಿದದ್ದು ನಲವತ್ತು ಚಿತ್ರ. ಅಂದರೆ ವೇಗ ಸೆಕೆಂಡಿಗೆ ಆರು ಮೀಟರ್. ಹಣೆಗೆ ಹಣೆ ತಾಗಿದ ಕ್ಷಣದಿಂದ ಪೂರ್ತಿ ನಿಲ್ಲುವವರೆಗೆ ಹನ್ನೆರಡು ಚಿತ್ರ, ಸೆಕೆಂಡಿನ ಇಪ್ಪತ್ತನೇ ಒಂದು ಭಾಗ. ಐವತ್ತು ಕಿಲೋ, ಆರು ಮೀಟರ್ ವೇಗ ಸೊನ್ನೆಗೆ ಬಂತು: ಸಂವೇಗದ ಬದಲಾವಣೆ ಮುನ್ನೂರು. ಅದನ್ನು ಆ ಸಮಯದಿಂದ ಭಾಗಿಸಿದರೆ ಸರಾಸರಿ ಬಲ ಆರು ಸಾವಿರ ನ್ಯೂಟನ್. ಸುಮಾರು ಆರು ಕ್ವಿಂಟಲ್ಲಿನ ಭಾರ.

ಎದುರಿಗೆ ಎಪ್ಪತ್ತು ಕಿಲೋದ ಟಗರು ಅದೇ ವೇಗದಲ್ಲಿ ಬಂದರೆ ಕೆಂಚ ನಿಲ್ಲುವುದಷ್ಟೇ ಅಲ್ಲ, ಸೆಕೆಂಡಿಗೆ ಒಂದು ಮೀಟರಿನಂತೆ ಹಿಂದಕ್ಕೆ ನೂಕಿಸಿಕೊಳ್ಳುತ್ತಾನೆ. ವೇಗದ ಬದಲಾವಣೆ ಆರಲ್ಲ, ಏಳು. ಗುದ್ದಿನ ಸಮಯ ಅಷ್ಟೇ ಇದ್ದರೆ ಬಲ ಏಳು ಕ್ವಿಂಟಲ್.

ಏಳೇ. ಪೆನ್ಸಿಲ್ ಕೆಳಗಿಟ್ಟಳು. ಇಪ್ಪತ್ತು ಬರುತ್ತದೆ ಎಂದುಕೊಂಡಿದ್ದಳು. ಹನ್ನೆರಡು ಚಿತ್ರದ ಬದಲು ಆರು ಎಂದು ಬರೆದರೆ ಬಲ ಹದಿನಾಲ್ಕಾಗುತ್ತದೆ. ಮಾಯಪ್ಪನೇನು ಎಣಿಸಿ ನೋಡುವವನಲ್ಲ. ಹನ್ನೆರಡರ ಮೇಲೆ ರಬ್ಬರು ಇಟ್ಟಳು. ಅಳಿಸದೆ ರಬ್ಬರನ್ನು ಎತ್ತಿಟ್ಟಳು.

ಮಾಯಪ್ಪ ಬಂದಾಗ ಇದ್ದದ್ದನ್ನೇ ಹೇಳಿದಳು.

"ಆರ ತಡದಾಂವ ಏಳ ತಡೀಲಾರನೇನಕ್ಕಾ? ಮತ್ತ ಆ ಹುಕ್ಕೇರಿ ಟಗರಿಗೆ ಎಷ್ಟ ಬೀಳತೈತಿ?"

"ಅದಕ್ಕೂ ಏಳ. ಇಬ್ಬರಿಗೂ ಅಷ್ಟ."

"ಖರೆ ಹೇಳಿದಿ. ಆತಲ್ಲ ಮತ್ತ!"

"ಏಳ ಅಷ್ಟ ಇದ್ದರೂ ಅದರ ಗೋಣ ದಪ್ಪ ಐತಿ, ಇವಂದು ಇನ್ನೂ ಎಳೇದು. ಹಿಂದಕ್ಕ ಬೀಳಾಂವ ಇವನ. ಒಂದ ಗುದ್ದ ಅಲ್ಲ ಮಾಯಾ, ನಲವತ್ತ ಐವತ್ತ ಗುದ್ದ."

ಮಾಯಪ್ಪ ಎದ್ದು ಕೆಂಚನ ಹತ್ತಿರ ಹೋದ. ಗೋಣಿನ ಮೇಲೆ ಕೈಯಾಡಿಸಿದ.

"ಆರ ಕ್ವಿಂಟಲ್ ಅಂದ್ರ ಆರ ಚೀಲ ಗೋವಿನಜೋಳ," ಎಂದ. "ಮೂಡಲಗಿ ಪ್ಯಾಟ್ಯಾಗ ನಾ ಚೀಲ ಹೊತ್ತಾಂವ. ಒಂದ ಚೀಲಕ್ಕ ನನ್ನ ಗೋಣ ಮೂರ ದಿನ ಹೊಳ್ಳತಿರಲಿಲ್ಲ. ದಿನಾ ಮುಂಜಾನೆ ತಾಲೀಮಿಗೂ ಇಷ್ಟ ಬೀಳತಿತ್ತೇನ?"

"ಇಪ್ಪತ್ತನೇ ಒಂದ ಪಾಲ ಸೆಕೆಂಡ ಅಷ್ಟ. ಆದ್ರ ಇಷ್ಟ."

ಮಾಯಪ್ಪ ಕೆಂಚನ ಕೊಂಬಿನ ಬುಡವನ್ನು ಹೆಬ್ಬೆರಳಿನಿಂದ ಒತ್ತಿದ. ಟಗರು ತಲೆ ಕೊಡವಿ ಹಿಂದೆ ಸರಿಯಿತು.

"ಬ್ಯಾಡ ಬಿಡು. ಹೆಸರ ತಗಸ್ತೇನಿ." ಕೆಂಚನ ಗೂಟದ ಕಡೆ ನೋಡಿ, "ಹಂಗಾದ್ರ ಇದನ್ನ ಮಂದ್ಯಾಗ ಬಿಡೂನು. ಹಬ್ಬಾ ಮುಗದ ಮ್ಯಾಲೆ ಕುರಿ ಹೊಡಕೊಂಡ ಹೊಂಟೇವಿ. ಕಾಳಗ ಇಲ್ಲಂದ ಮ್ಯಾಲೆ ಮನ್ಯಾಗ ಕಟ್ಟಿ ಏನ ಮಾಡೂದು?" ಎಂದ.

ದ್ರಾಕ್ಷಾಯಿಣಿ ಎಲ್ಲವನ್ನೂ ಲೆಕ್ಕ ಹಾಕಿದ್ದಳು. ಇದನ್ನು ಮಾತ್ರ ಹಾಕಿರಲಿಲ್ಲ.

ಅವಳ ಮುಖ ನೋಡಿ ಮಾಯಪ್ಪ ದನಿ ಇಳಿಸಿದ. "ನಿನಗ ಬೇಕಂದ್ರ ಇಲ್ಲೇ ಇರಲಿ ಅಕ್ಕಾ. ನಾ ಕುರಿಗೆ ಬ್ಯಾರೆ ಟಗರ ನೋಡ್ಕೋತೇನಿ."

ಇರಲಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ತನ್ನ ಜಾತಿಯ ಇನ್ನೊಂದು ಜೀವದ ಮೈ ತಾಗದೆ, ದಿನವಿಡೀ ಒಂದು ಗೂಟದ ಸುತ್ತ ತಿರುಗುತ್ತ, ಸಂಜೆ ಬಸ್ಸಿನ ಸದ್ದಿಗೆ ಕಿವಿ ನೆಟ್ಟಗೆ ಮಾಡುವುದು ಎಂದರೆ ಏನೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಊರಿನಲ್ಲಿ ಇರಲಿಲ್ಲ.

"ಬ್ಯಾಡೋ. ಒಂದ ಇದ್ರ ಅದಕ್ಕೂ ಬ್ಯಾಸರ," ಎಂದಳು.

ಹಬ್ಬ ಮುಗಿದ ಮೂರನೇ ದಿನ ಮಂದೆ ಊರು ಬಿಟ್ಟಿತು. ಶಾಲೆಗೆ ಹೊರಟವಳು ರಸ್ತೆಯ ಬದಿಗೆ ನಿಂತಳು. ಕೆಂಚ ಅವಳ ಸೆರಗನ್ನು ಒಮ್ಮೆ ಮೂಸಿದ, ನಂತರ ಒಂದು ಹೆಣ್ಣು ಕುರಿಯ ಪಕ್ಕೆಗೆ ತಲೆ ತಾಗಿಸಿ ನಡೆದ. ಹೊಸ ಹುಲ್ಲಿನ ಕಡೆ ಹೊರಟ ಕುರಿಗಳಿಗೆ ಅವಸರವಿತ್ತು. ಮೇಲೆದ್ದ ಧೂಳಿನಲ್ಲಿ ಕೆಂಚನ ಬೆನ್ನು ಯಾವುದು, ಉಳಿದವುಗಳ ಬೆನ್ನು ಯಾವುದು ಎಂದು ತಿಳಿಯದಾಯಿತು. ಆದರೂ ಕೊನೆಯ ಕುರಿ ಕಾಲುವೆ ದಾಟುವವರೆಗೆ ನೋಡಿದಳು. ಮೂಡಲಗಿಯ ಬಸ್ಸು ಬಂತು. ಕೈ ಮಾಡಿದಳು.

ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿತ್ತು. ಬ್ಯಾಗನ್ನು ಅದರ ಮೇಲೆ ಇಡದೆ ತೊಡೆಯ ಮೇಲೇ ಇಟ್ಟುಕೊಂಡಳು, ಯಾರಾದರೂ ಬಂದು ಕುಳಿತಾರು ಎಂದು.